ಡಿ ಟ್ರಾಮಿನ ಕೊನೇ ಸ್ಟಾಪಿನಲ್ಲಿ ಬಿಳಿ ವೈನ್

ವಿಯೆನ್ನಾ ಅಂದರೆ ಅರಮನೆ, ಸಂಗೀತ, ಕಾಫಿ ಅಂದುಕೊಂಡಿದ್ದೆ. ನಗರದ ಗಡಿಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ತೋಟ ಇದೆ ಅಂತ ಗೆಳೆಯ ಹೇಳಿದಾಗ ನಂಬಲಿಲ್ಲ. ನೋಡೇ ಬಿಡೋಣ ಅಂತ ಡಿ ಟ್ರಾಮ್ ಹತ್ತಿ ಕೊನೇ ಸ್ಟಾಪ್ ನುಸ್‌ಡಾರ್ಫ್‌ನಲ್ಲಿ ಇಳಿದೆವು. ಅಲ್ಲಿಂದ ನುಸ್‌ಬರ್ಗ್ ಗುಡ್ಡದ ಏರು. ಸ್ವಲ್ಪ ಹತ್ತುವಷ್ಟರಲ್ಲಿ ಎರಡೂ ಕಡೆ ಬಳ್ಳಿಯ ಸಾಲು, ತಿರುಗಿ ನೋಡಿದರೆ ಕೆಳಗೆ ಡ್ಯಾನ್ಯೂಬ್ ನದಿ.

ಮೊದಲು ಹೋದ ಹೊಯ್ರಿಗರ್‌ನಲ್ಲಿ ಪೆಚ್ಚಾದೆವು, ಗೇಟು ಹಾಕಿತ್ತು. ಹೊಯ್ರಿಗರ್ ಅಂದರೆ ವೈನ್ ಮಾಡುವವರೇ ತಮ್ಮ ಅಂಗಳದಲ್ಲಿ ಬೆಂಚು ಹಾಕಿ ಕುಡಿಯಲು ಕೊಡುವ ಜಾಗ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್, ಬೆಳೆದವರು ತಮ್ಮ ವೈನನ್ನು ತಾವೇ ಮಾರಿಕೊಳ್ಳಬಹುದು ಅಂತ ಆಜ್ಞೆ ಹೊರಡಿಸಿದ, ಅಲ್ಲಿಂದ ನಡೆದು ಬಂದಿದೆ. ಆದರೆ ಎಲ್ಲವೂ ವರ್ಷವಿಡೀ ತೆರೆದಿರುವುದಿಲ್ಲ. ಬಾಗಿಲಲ್ಲಿ ಪೈನ್ ಮರದ ಕೊಂಬೆ ಕಟ್ಟಿದ್ದರೆ ಮಾತ್ರ ಒಳಗೆ ಹೋಗಬೇಕು.

"ಕೊಂಬೆ ನೋಡ್ಬೇಕಿತ್ತು ಕಣೋ, ಸುಮ್ನೆ ಬೆವರು ಸುರಿಸಿದ್ವಿ" ಅಂದ ಗೆಳೆಯ. ಇದನ್ನು ಟ್ರಾಮಿನಲ್ಲೇ ಹೇಳಬಹುದಿತ್ತು ಅಲ್ವಾ?

ಕೆಳಗಿಳಿದ ಮೇಲೆ ಕೊಂಬೆ ಕಟ್ಟಿದ ಬಾಗಿಲೊಂದು ಸಿಕ್ಕಿತು. ಗೆಮಿಶ್ಟರ್ ಸಾಟ್ಸ್ ಅನ್ನುವ ಇಲ್ಲಿನ ಬಿಳಿ ವೈನ್ ಕೇಳಿದೆವು. ಲೀಟರಿನ ಎಂಟನೇ ಒಂದು ಭಾಗದ ಪುಟ್ಟ ಲೋಟದಲ್ಲಿ ಬಂತು, ಹೊರಮೈಯಲ್ಲಿ ತಣ್ಣನೆ ಹನಿ, ಒಳಗೆ ಎಳೇ ಹಳದಿ. ಬ್ಲೆಂಡ್ ಅಂದರೆ ಸಾಮಾನ್ಯವಾಗಿ ಬೇರೆ ಬೇರೆ ಹುದುಗಿಸಿದ ವೈನ್‌ಗಳನ್ನು ಕೊನೆಗೆ ಅಳತೆ ನೋಡಿ ಬೆರೆಸುವುದು. ಇದು ಬೆರೆಯುವುದು ತೋಟದಲ್ಲೇ. ಗ್ರ್ಯೂನರ್ ವೆಲ್ಟ್‌ಲೀನರ್, ರೀಸ್ಲಿಂಗ್, ವೈಸ್‌ಬುರ್ಗುಂಡರ್, ಹೀಗೆ ನಾಲ್ಕಾರು ತಳಿಗಳನ್ನು ಒಂದೇ ತೋಟದಲ್ಲಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹಿಂಡಿ ಹುದುಗಿಸುತ್ತಾರೆ. ನಮ್ಮ ಅಕ್ಕಡಿ ಸಾಲಿನ ಲೆಕ್ಕಾಚಾರವೇ ಇದು: ಒಂದರ ಹೂವು ಹಿಮಕ್ಕೆ ಸುಟ್ಟುಹೋದರೂ ಇನ್ನೊಂದು ಕೈ ಹಿಡಿಯುತ್ತದೆ. 2013ರಿಂದ ಕಟ್ಟುನಿಟ್ಟಿನ ನಿಯಮವೂ ಇದೆ, ಕನಿಷ್ಠ 3 ಬಿಳಿ ತಳಿ ಇರಬೇಕು, ಯಾವುದೂ ಶೇ 50 ಮೀರಬಾರದು, ಪ್ರಮಾಣದಲ್ಲಿ ಮೂರನೆಯದು ಶೇ 10ಕ್ಕಿಂತ ಕಡಿಮೆ ಇರಬಾರದು.

ಒಂದೇ ಸಲ ಕೊಯ್ಯುವುದರಿಂದ ಕೆಲವು ಗೊಂಚಲು ಚೆನ್ನಾಗಿ ಹಣ್ಣಾಗಿರುತ್ತವೆ, ಕೆಲವು ಇನ್ನೂ ಹುಳಿಯಾಗಿಯೇ ಇರುತ್ತವೆ. ಊಟದ ಜೊತೆ ಕೆಲಸಕ್ಕೆ ಬರುವುದು ಆ ಹುಳಿಯೇ. ಬರೀ ವೈನ್ ಗುಟುಕರಿಸಿದಾಗ ಇಷ್ಟೇನಾ ಅನಿಸಿತು. ಆಮೇಲೆ ಲಿಪ್ಟಾವರ್ ಬಂತು: ಮೆತ್ತನೆ ಚೀಸಿಗೆ ಬೆಣ್ಣೆ, ಪ್ಯಾಪ್ರಿಕಾ ಪುಡಿ, ಈರುಳ್ಳಿ, ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಕಲಸಿ ಕಪ್ಪು ಬ್ರೆಡ್ ಮೇಲೆ ದಪ್ಪಗೆ ಸವರಿದ್ದರು. ಒಂದು ತುತ್ತು, ಒಂದು ಗುಟುಕು. ನಾಲಿಗೆಗೆ ಹತ್ತಿದ್ದ ಜಿಡ್ಡು ಪೂರ್ತಿ ಹೋಗಿ, ಆಮೇಲೆ ಸೇಬಿನಂಥ ಒಂದು ಪರಿಮಳ ಉಳಿಯಿತು. ಬ್ರೆಡ್ ಪುಡಿ ಹಚ್ಚಿ ಕರಿದ ಮಾಂಸ, ಷ್ನಿಟ್ಸೆಲ್ಲೂ ಚೆನ್ನಾಗಿಯೇ ಹೊಂದಿತು, ಅದರ ಮೇಲೆ ನಿಂಬೆ ಹಿಂಡುವುದೇ ಬೇಕಾಗಲಿಲ್ಲ. ಆದರೂ ನನ್ನ ಓಟು ಲಿಪ್ಟಾವರಿಗೇ.

ಎಡವಿದ್ದು ಕೊನೆಯಲ್ಲಿ. ಲೋಟದಲ್ಲಿ ವೈನ್ ಉಳಿದಿದೆಯಲ್ಲ ಅಂತ ಸೇಬು ತುಂಬಿದ ಸಿಹಿ ಸುರುಳಿ, ಸ್ಟ್ರೂಡೆಲ್ ತರಿಸಿದೆ. ಬಾಯಲ್ಲಿ ಸಿಹಿ ಇರುವಾಗ ಸಿಹಿಯೇ ಇಲ್ಲದ ವೈನ್ ಕುಡಿದರೆ ವಿನೆಗರ್ ಕುಡಿದ ಹಾಗೆ! ತಟ್ಟೆಯನ್ನು ಗೆಳೆಯನ ಕಡೆ ತಳ್ಳಿ ಇನ್ನೊಂದು ಲಿಪ್ಟಾವರ್ ಬ್ರೆಡ್ ಹೇಳಿದೆ.