ಹೊಸ್ತಿಲಿಗೆ ಹೇಳಿ ಬಂದೆವು

ಅಮ್ಮ ಹರಕೆ ಹೊತ್ತಿದ್ದು ನಮಗೆ ಗೊತ್ತೇ ಇರಲಿಲ್ಲ. ಮೊಣಕಾಲಿನ ಆಪರೇಷನ್‌ಗೆ ಹಿಂದಿನ ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ಕೂತು ಮನಸ್ಸಿನಲ್ಲೇ ಹೇಳಿಕೊಂಡಿದ್ದಳಂತೆ. ಹನ್ನೊಂದು ತಿಂಗಳು ಆದಮೇಲೆ, ಒಂದು ದಿನ ಬೆಳಿಗ್ಗೆ ಹೂ ಕಟ್ಟುತ್ತಾ ಬಾಯಿಬಿಟ್ಟಳು. "ಪಂಪಾಪತಿ ಗುಡಿಯಿಂದ ವಿಠ್ಠಲನ ಗುಡಿ ತನಕ ನಡ್ಕೊಂಡೇ ಹೋಗ್ತೀನಿ ಅಂದಿದ್ದೆ. ಆಟೋ ಗೀಟೋ ಅನ್ನಬೇಡಿ ಮತ್ತೆ."

ಹೀಗೆ ಈ ಮಾಘದಲ್ಲಿ ನಾವು ಐದು ಜನ ಹಂಪಿಗೆ ಹೋದೆವು. ಅಮ್ಮ, ನಾನು, ಇವರು, ಮಗಳು, ಮಗ. ಮಕ್ಕಳಿಗೆ ಅದು ಪ್ರವಾಸ. ಇವರಿಗೆ ಇತಿಹಾಸ. ಅಮ್ಮನಿಗೆ ತೀರಿಸಬೇಕಾದ ಸಾಲ. ನನಗೆ ಏನು ಅಂತ ಹೋಗುವಾಗ ಗೊತ್ತಿರಲಿಲ್ಲ.

ಪಂಪಾಪತಿ ವಿರೂಪಾಕ್ಷನ ದರ್ಶನ ಬೆಳಿಗ್ಗೆಯೇ ಚೆನ್ನಾಗಿ ಆಯಿತು. ಪಂಪಾಂಬಿಕೆ, ಭುವನೇಶ್ವರಿ, ಹಿಂದೆ ವಿದ್ಯಾರಣ್ಯರು, ಎಲ್ಲರಿಗೂ ಅಮ್ಮ ಒಂದೊಂದು ನಿಮಿಷ ಹೆಚ್ಚೇ ಕೊಟ್ಟಳು. ಇವರು ರಂಗಮಂಟಪದ ಹತ್ತಿರ ನಿಂತು, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂಭ್ರಮಕ್ಕೆ 1510ರಲ್ಲಿ ಇದನ್ನು ಕಟ್ಟಿಸಿದ ಎಂದು ಮಕ್ಕಳಿಗೆ ಓದಿ ಹೇಳುತ್ತಿದ್ದರು. ಮಗ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಹಿಂದಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ರಾಜಗೋಪುರದ ನೆರಳು ಸಾಕಾಗಿತ್ತು. ಐವತ್ತು ಮೀಟರ್ ಗೋಪುರ ಒಂದು ಸಣ್ಣ ಕಿಂಡಿಯಲ್ಲಿ ತೂರಿ ಒಳಗೆ ಬಂದು ಶೀರ್ಷಾಸನ ಹಾಕುತ್ತದೆ. ಅವನೂ ಬಗ್ಗಿ ಕಾಲಸಂದಿಯಿಂದ ನೋಡಿ ಗೋಪುರವನ್ನು ನೆಟ್ಟಗೆ ಮಾಡಿಕೊಂಡ.

ಅಲ್ಲಿ ಗಂಟೆ ಬಾರಿಸಿದಾಗ ಯಾಕೋ ಕಣ್ಣು ತುಂಬಿತು. 1565ರ ಯುದ್ಧದ ನಂತರ ಇಡೀ ಊರೇ ಹಾಳಾಯಿತು. ಸುತ್ತ ಅಷ್ಟು ಗುಡಿಗಳು ಬರಿದಾದವು. ಇಲ್ಲಿ ಪೂಜೆ ಇವತ್ತಿಗೂ ನಡೆಯುತ್ತಿದೆ. ವರ್ಷ ವರ್ಷ ಫಲಪೂಜೆಯಲ್ಲಿ ಪಂಪೆಯ ನಿಶ್ಚಿತಾರ್ಥ ಆಗುತ್ತದೆ, ಚೈತ್ರದಲ್ಲಿ ಮದುವೆ ಆಗುತ್ತದೆ, ತೇರು ಎಳೆಯುತ್ತಾರೆ. ರಾಜರು ಹೋದರು. ಬೀಗರು ಮಾತ್ರ ಪ್ರತಿ ವರ್ಷ ಬರುತ್ತಲೇ ಇದ್ದಾರೆ.

ಆಮೇಲೆ ಹೇಮಕೂಟ ಹತ್ತಿದೆವು. ಶಿವ ಮನ್ಮಥನನ್ನು ಸುಟ್ಟ ಬೆಟ್ಟ ಅದೇ ಅಲ್ವಾ. ಬಿಸಿಲು ನೋಡಿದರೆ ಆ ಬೂದಿ ಇನ್ನೂ ಆರಿಲ್ಲ ಅನಿಸುತ್ತಿತ್ತು. ಅಮ್ಮ ನಿಧಾನಕ್ಕೆ, ಒಂದು ಕೈ ಮಗಳ ಭುಜದ ಮೇಲಿಟ್ಟು, ಬಂಡೆಯಿಂದ ಬಂಡೆಗೆ ಕಾಲಿಟ್ಟಳು. ಬೆಟ್ಟದ ಆ ಕಡೆ ಇಳಿದರೆ ಸಾಸಿವೆಕಾಳು ಗಣಪ. ಎಂಟಡಿಯ ಗಣಪನಿಗೆ ಸಾಸಿವೆಕಾಳು ಅಂತ ಹೆಸರಿಟ್ಟ ಊರು ಇದೊಂದೇ ಇರಬೇಕು. 1506ರಲ್ಲಿ ಚಂದ್ರಗಿರಿಯ ವ್ಯಾಪಾರಿಯೊಬ್ಬ ಮಾಡಿಸಿದ್ದು.

ಅಲ್ಲಿ ನನಗೆ ಅಜ್ಜಿ ಸಿಕ್ಕಳು.

ಸಿಕ್ಕಳು ಅಂದರೆ, ತೀರಿಕೊಂಡು ಇಪ್ಪತ್ತೆರಡು ವರ್ಷ ಆಗಿದೆ. ಅಮ್ಮನ ಅಮ್ಮ, ಹೊಸಪೇಟೆ ಕಡೆಯವಳು. ಬೇಸಿಗೆ ರಜೆಗೆ ಹೋದಾಗಲೆಲ್ಲ ಹಂಪಿಗೆ ಕರೆದುಕೊಂಡು ಬರುತ್ತಿದ್ದಳು, ಕಾಲಲ್ಲಿ ಚಪ್ಪಲಿ ಇಲ್ಲದೆ. ಅವಳದು ಒಂದೇ ಮಾತು. "ಎದುರಿಂದ ಎಲ್ಲಾರೂ ನೋಡ್ತಾರ. ಹಿಂದಕ ಬಾ." ಪ್ರದಕ್ಷಿಣೆ ಇರುವುದೇ ಅದಕ್ಕೆ ಅಂತ ಅವಳ ಲೆಕ್ಕ. ದೇವರ ಬೆನ್ನು ನೋಡದವರು ಅರ್ಧ ದರ್ಶನ ಮಾಡಿದವರು.

ಸಾಸಿವೆಕಾಳು ಗಣಪನ ಹಿಂದೆ ಹೋದರೆ ಗೊತ್ತಾಗುತ್ತದೆ. ಅಲ್ಲಿ ಗಣಪನ ಬೆನ್ನಿಲ್ಲ. ಹೆಂಗಸಿನ ಬೆನ್ನಿದೆ. ಕೂತ ಭಂಗಿ, ಬೆನ್ನ ಮೇಲೆ ಜಡೆ. ಅವನು ಪಾರ್ವತಿಯ ತೊಡೆಯ ಮೇಲೆ ಕೂತಿದ್ದಾನೆ, ಮುಂದಿನಿಂದ ನೋಡಿದವರಿಗೆ ಮಗ ಮಾತ್ರ ಕಾಣುತ್ತಾನೆ. ನಾನು ಮಕ್ಕಳನ್ನು ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ. ಮಗಳು ಬಹಳ ಹೊತ್ತು ನೋಡಿದಳು. ಈ ಕಡೆ ಒಂದು ಗುಂಪು ಬಂತು, ಗಣಪನ ಜೊತೆ ಫೋಟೊ ತೆಗೆಸಿಕೊಂಡಿತು, ಹೋಯಿತು. ಹಿಂದೆ ಒಬ್ಬರೂ ಬರಲಿಲ್ಲ. ಕರೆದು ಹೇಳೋಣ ಅನಿಸಿತು. ಸುಮ್ನೆ ಯಾಕೆ ಅಂತ ಬಿಟ್ಟೆ. ಈಗ ಅನಿಸುತ್ತದೆ, ಹೇಳಬೇಕಿತ್ತು.

ಕೃಷ್ಣ ದೇವಸ್ಥಾನದಲ್ಲಿ ಜಾಸ್ತಿ ನಿಲ್ಲಲಿಲ್ಲ. ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನಿಗಾಗಿ ರಾಯ ಕಟ್ಟಿಸಿದ ಗುಡಿ ಅದು. ಆ ಕೃಷ್ಣ ಈಗ ಚೆನ್ನೈನ ಮ್ಯೂಸಿಯಮ್ಮಿನಲ್ಲಿದ್ದಾನೆ. ಗರ್ಭಗುಡಿ ಖಾಲಿ. ನಮ್ಮಲ್ಲಿ ಯಾರೂ ಚಪ್ಪಲಿ ಬಿಚ್ಚಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ದೇವರಿಲ್ಲದ ಗುಡಿಗೆ ಚಪ್ಪಲಿ ಹಾಕಿಕೊಂಡು ಹೋಗಬಹುದು ಅಂತ ನಾವೆಲ್ಲ ಯಾವಾಗ ತೀರ್ಮಾನ ಮಾಡಿದೆವೋ ಗೊತ್ತಿಲ್ಲ. ಕಲ್ಲು ಸುಡುತ್ತದೆ ಅನ್ನುವುದು ನನ್ನ ನೆಪ. ಅಜ್ಜಿಯ ಕಾಲಕ್ಕೂ ಸುಡುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ನರಸಿಂಹ.

ಎಷ್ಟು ಸಲ ನೋಡಿದ್ದರೂ ಆ ಬಾಗಿಲ ಎದುರು ಬಂದಾಗ ಹೊಟ್ಟೆಯೊಳಗೆ ಏನೋ ಜಗ್ಗುತ್ತದೆ. ಒಂದೇ ಬಂಡೆ, 6.7 ಮೀಟರ್ ಎತ್ತರ. ಏಳು ಹೆಡೆಯ ಆದಿಶೇಷ ಮೇಲೆ. ಆ ಕಣ್ಣುಗಳು. 1528ರಲ್ಲಿ ಕೃಷ್ಣದೇವರಾಯ ಪ್ರತಿಷ್ಠೆ ಮಾಡಿಸಿದ ಮೂರ್ತಿ. ಅಮ್ಮ ಕೈಮುಗಿದು, ಮೊಣಕಾಲುಗಳ ಸುತ್ತ ಇರುವ ಕಲ್ಲಿನ ಪಟ್ಟಿ ನೋಡಿ, "ಅವನಿಗೂ ಮಂಡಿಗೆ ಬೆಲ್ಟ್ ಹಾಕಿದಾರೆ ನೋಡೇ" ಅಂದಳು. ಯೋಗಪಟ್ಟಿ ಅಮ್ಮಾ ಅದು ಅಂದರೆ, "ಇರಲಿ, ನನಗೂ ಡಾಕ್ಟರು ಯೋಗ ಮಾಡು ಅಂತಲೇ ಕಟ್ಟಿದ್ದು" ಅಂತ ನಕ್ಕಳು.

ಪಕ್ಕದಲ್ಲಿ ಒಬ್ಬರು ತಮ್ಮ ಮನೆಯವರಿಗೆ ವಿವರಿಸುತ್ತಿದ್ದರು. "ಇದು ಉಗ್ರನರಸಿಂಹ." ನನ್ನ ಮಗನೂ ಅದನ್ನೇ ಹೇಳಿದ, ಉಗ್ರನರಸಿಂಹ. ನನಗೆ ಅಜ್ಜಿಯ ಧ್ವನಿ ಕಿವಿಯ ಹತ್ತಿರವೇ ಕೇಳಿತು.

ನನಗಾಗ ಏಳೋ ಎಂಟೋ ವರ್ಷ. ಅಜ್ಜಿ ನನ್ನನ್ನು ದರದರ ಎಳೆದುಕೊಂಡು ಮೂರ್ತಿಯ ಹಿಂದೆ ಹೋಗಿದ್ದಳು. ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಅವಳ ಬೆರಳಿಗೆ ಎಲೆ ಅಡಿಕೆಯ ಸುಣ್ಣದ ವಾಸನೆ. ಆ ಬೆರಳು ಎಷ್ಟು ಒತ್ತಿತ್ತು ಅಂದರೆ ಇವತ್ತಿಗೂ ನರಸಿಂಹ ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಗಲ್ಲದ ಮೇಲಿನ ಆ ಒತ್ತು. "ಕಾಣ್ತದೇನು? ಕೈ. ಕೈ ನೋಡು."

ಕಂಡಿತು. ಆ ದೊಡ್ಡ ಬೆನ್ನಿನ ಮೇಲೆ ಒಂದು ಹೆಣ್ಣಿನ ಕೈ. ಸುಮ್ಮನೆ ಇಟ್ಟ ಕೈಯಲ್ಲ, ಬಳಸಿದ ಕೈ. ಬೆರಳುಗಳು, ಬೆರಳಿಗೆ ಉಂಗುರ, ಉಗುರು ಕೂಡ. ಆದರೆ ಕೈಯ ಹೆಂಗಸು ಇಲ್ಲ. ಎಡತೊಡೆಯ ಮೇಲೆ ಕೂತಿದ್ದ ಲಕ್ಷ್ಮಿಯನ್ನು ಒಡೆದು ಹಾಕಿದ್ದಾರೆ. ಮೈ ಹೋಯಿತು, ಮುಖ ಹೋಯಿತು. ಗಂಡನ ಬೆನ್ನ ಹಿಂದೆ ಇದ್ದ ಕೈ ಒಂದು ಒಡೆಯುವವರ ಕಣ್ಣಿಗೆ ಬೀಳಲಿಲ್ಲವೇನೋ, ಹಾಗೇ ಉಳಿಯಿತು.

ನಾನು ಅಳುಮುಖ ಮಾಡಿ ಕೇಳಿದ್ದೆ. "ಲಕ್ಷ್ಮಿ ಎಲ್ಲಿ ಹೋದಳು ಅಜ್ಜಿ?"

"ಎಲ್ಲಿ ಹೋಗ್ಯಾಳ? ಇಲ್ಲೇ ಅದಾಳ. ಹಿಡದಾಳ ನೋಡು. ಸಿಟ್ಟಿನ ಗಂಡನ್ನ ಹಿಡದ ಕೈ ಬಿಟ್ಟರ ಊರು ಉಳೀತದೇನು?"

ಊರು ಉಳಿದಿರಲಿಲ್ಲ. ಸುತ್ತ ಹಾಳುಬಿದ್ದ ಊರಿನ ನಡುವೆಯೇ ನಿಂತು ಅಜ್ಜಿ ಆ ಮಾತು ಹೇಳಿದ್ದಳು. ಅದು ನನಗೆ ಹೊಳೆದದ್ದು ಈ ಸಲ, ಆ ಬಾಗಿಲ ಎದುರು ನಿಂತಾಗ. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವಳ ಬಾಯಲ್ಲಿ ಒಂದು ಸಲವೂ ಉಗ್ರನರಸಿಂಹ ಅಂತ ಬರಲಿಲ್ಲ. ಯಾರಾದರೂ ಅಂದರೆ ತಿದ್ದುತ್ತಿದ್ದಳು. ಲಕ್ಷ್ಮೀನರಸಿಂಹ ಅನ್ರಿ. ಕೈ ಐತಿ.

ಆ ಮೂರ್ತಿ ಮಾಡಿದಾಗ ಇದ್ದದ್ದು ಲಕ್ಷ್ಮೀನರಸಿಂಹನೇ. ಲಕ್ಷ್ಮಿ ಒಡೆದು ಹೋದ ಮೇಲೆ, ಒಬ್ಬನೇ ಕೂತ ಆ ಮುಖ ನೋಡಿ ಜನ ಉಗ್ರ ಅಂದರು. ಅಂದದ್ದು ತಪ್ಪು ಅಂತ ಹೇಳಲಾರೆ. ಹಿರಣ್ಯಕಶಿಪುವಿನ ವಧೆಯಾದ ಮೇಲೆ ಹತ್ತಿರ ಹೋಗಲು ಲಕ್ಷ್ಮಿಯೇ ಹೆದರಿದಳು, ಪ್ರಹ್ಲಾದನನ್ನು ಕಳಿಸಬೇಕಾಯಿತು ಅಂತ ಭಾಗವತವೇ ಹೇಳುತ್ತದೆ. ಅಂಥ ಕೋಪ. ಆದರೆ ಆಮೇಲೆ ಅವಳು ಬಂದು ಕೂತಳಲ್ಲ? ಅದನ್ನಲ್ಲವೇ ಶಿಲ್ಪಿ ಕೆತ್ತಿದ್ದು? ನಾವು ಹೆಸರಿನಿಂದ ಅವಳನ್ನು ತೆಗೆದರೆ ಒಡೆದವರ ಕೆಲಸವನ್ನು ನಾವೇ ಮುಗಿಸಿಕೊಟ್ಟ ಹಾಗಾಯಿತು ಅಂತ ನನಗನಿಸುತ್ತದೆ.

ಮಕ್ಕಳನ್ನು ಹಿಂದೆ ಕರೆದುಕೊಂಡು ಹೋಗಬೇಕು ಅಂತ ಬಹಳ ಆಸೆ ಇತ್ತು. ಆ ದಿನ ಕಂಬಿ ದಾಟಿ ಒಳಗೆ ಬಿಡುತ್ತಿರಲಿಲ್ಲ. ಮೂರ್ತಿಯ ರಕ್ಷಣೆಗೆ ಬೇಕಾದದ್ದೇ, ಬೇಜಾರಿಲ್ಲ. ಅಂದರೆ, ಸ್ವಲ್ಪ ಇತ್ತು. ಕಂಬಿ ಹಿಡಿದು ನಿಂತು ಕೈಯ ಕತೆ ಹೇಳಿದೆ. ಮಗ ಕೇಳಿದ, "ನಾವು ನೋಡದೆ ಇದೆ ಅಂತ ಹೇಗೆ ಗೊತ್ತಾಗುತ್ತೆ?" ನಾನು ನೋಡಿದ್ದೀನಲ್ಲ ಅಂದೆ. "ನೀನು ಯಾವಾಗ ನೋಡಿದ್ದು?" ಮೂವತ್ತೈದು ವರ್ಷದ ಹಿಂದೆ. ಅವನು ನನ್ನ ಮುಖ ನೋಡಿದ, ನರಸಿಂಹನ ಮುಖ ನೋಡಿದ. ಆಮೇಲೆ ಕೈಮುಗಿದ. ನಂಬಿದನೋ, ನನಗೆ ಬೇಜಾರಾಗದಿರಲಿ ಅಂತ ಮುಗಿದನೋ, ಕೇಳಲಿಲ್ಲ.

ಪಕ್ಕದ ಬಡವಿಲಿಂಗಕ್ಕೆ ನಮಸ್ಕಾರ ಮಾಡಿದೆವು. ಬಡವಿಯೊಬ್ಬಳು ಮಾಡಿಸಿದ ಲಿಂಗ ಅಂತ ಪ್ರತೀತಿ, ಸದಾ ನೀರಲ್ಲೇ ಇರುತ್ತದೆ. ಆ ಬಿಸಿಲಿನಲ್ಲಿ ಮಗಳಿಗೆ ಶಿವನ ಮೇಲೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನದ ಮೇಲೆ ಹೊಳೆದಂಡೆ ಹಿಡಿದೆವು. ಇಲ್ಲಿಂದ ಅಮ್ಮನ ನಿಜವಾದ ಹರಕೆ. ಚಕ್ರತೀರ್ಥದ ಹತ್ತಿರ ಕೋದಂಡರಾಮ, ಬಂಡೆಯಲ್ಲೇ ಮೂಡಿದ ಹಾಗಿರುವ ರಾಮ, ಸೀತೆ, ಲಕ್ಷ್ಮಣ, ಜೊತೆಗೆ ಸುಗ್ರೀವ. ಸುಗ್ರೀವನ ಪಟ್ಟಾಭಿಷೇಕ ಆದ ಜಾಗ ಇದೇ ಎನ್ನುತ್ತಾರೆ. ಮೇಲೆ ಯಂತ್ರೋದ್ಧಾರಕ ಪ್ರಾಣದೇವರು. ಮೆಟ್ಟಿಲು ನೋಡಿ ಇವರು ಅಮ್ಮನ ಕಡೆ ನೋಡಿದರು. ಅಮ್ಮ ಉತ್ತರ ಕೊಡದೆ ಹತ್ತಿದಳು. ವ್ಯಾಸರಾಯರು ಬಂಡೆಯ ಮೇಲೆ ಬರೆದ ಹನುಮಂತ ಪ್ರತಿದಿನ ನೆಗೆದು ಓಡುತ್ತಿದ್ದ, ಹನ್ನೆರಡು ಸಲ ಹೀಗಾದ ಮೇಲೆ ಯಂತ್ರದೊಳಗೆ ಕೂರಿಸಿದರು ಅನ್ನುವ ಕತೆ ನಿಮಗೆಲ್ಲ ಗೊತ್ತೇ ಇದೆ. ಸುತ್ತ ಒಂದರ ಬಾಲ ಒಂದು ಹಿಡಿದ ಹನ್ನೆರಡು ಕಪಿಗಳು. ಪದ್ಮಾಸನ ಹಾಕಿ ಜಪಮಾಲೆ ಹಿಡಿದ ಹನುಮಂತನನ್ನು ನೋಡಿ ಅಮ್ಮ ಮಗನಿಗೆ ಹೇಳಿದಳು, "ನೋಡು, ಅವನೇ ಒಂದು ಕಡೆ ಕೂತ. ನೀನು ಯಾವಾಗ ಕೂರ್ತೀಯೋ."

ಅಲ್ಲಿಂದ ಮುಂದಿನ ದಾರಿ ನನಗೆ ಅಷ್ಟು ನೆನಪಿಲ್ಲ. ಬಲಕ್ಕೆ ಬಂಡೆ, ಎಡಕ್ಕೆ ತುಂಗಭದ್ರೆ. ಅಮ್ಮನ ಕಾಲಿನ ಸದ್ದು ಮಾತ್ರ ನೆನಪಿದೆ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ನೀರಿನ ಅಂಚಿನ ಪುರಂದರ ಮಂಟಪದ ಹತ್ತಿರ ಕೂತು ನೀರು ಕುಡಿದೆವು. ಪುಷ್ಯದ ಅಮಾವಾಸ್ಯೆಗೆ ಅಲ್ಲಿ ದಾಸರ ಆರಾಧನೆ ಆಗಿ ಹೋಗಿತ್ತು. ನವಕೋಟಿ ನಾರಾಯಣ ಎಲ್ಲ ಕೊಟ್ಟು ತಂಬೂರಿ ಹಿಡಿದು ಬಂದ ಊರು. ಹೊಳೆ ತುಂಬಿ ಬಂದಾಗ ಮಂಟಪ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ಅಲ್ಲೇ ಇರುತ್ತದೆ.

ವಿಠ್ಠಲನ ಗುಡಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿ ನೋಟು ಎತ್ತಿ ಹಿಡಿದು ಫೋಟೊ ತೆಗೆಯುವವರ ಸಾಲು. ನಮ್ಮವರೂ ಸೇರಿಕೊಂಡರು. ಅಮ್ಮ ರಥಕ್ಕೆ ಕೈಮುಗಿದು ನಿಂತಳು. ಅದು ರಥವಲ್ಲ, ಗರುಡನ ಗುಡಿ. ಮಗಳು ಇಣುಕಿ ನೋಡಿ ಹೇಳಿದಳು, "ಅಜ್ಜಿ, ಒಳಗೆ ಗರುಡ ಇಲ್ಲ."

"ವಿಠ್ಠಲನೂ ಇಲ್ಲ ಕಣೆ."

"ಮತ್ತೆ?"

ಅಮ್ಮ ತನ್ನ ಅಮ್ಮನ ಧಾಟಿಯಲ್ಲೇ ಹೇಳಿದಳು. ಆ ಭಾಷೆ ಅವಳ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. "ವಿಠ್ಠಲ ಪಂಢರಪುರಕ್ಕ ಹೋಗ್ಯಾನ. ಗರುಡ ಇಲ್ಲೇ ಕುಂತರ ಅವನು ಯಾರ ಮ್ಯಾಲ ಹೋಗಬೇಕು?"

ವಿಜಯನಗರಕ್ಕೆ ಬಂದಿದ್ದ ವಿಠ್ಠಲನನ್ನು ಭಾನುದಾಸರು ತಿರುಗಿ ಪಂಢರಪುರಕ್ಕೆ ಕರೆದೊಯ್ದರು ಅನ್ನುವ ಕತೆ ಅದು. ಅಜ್ಜಿ ಪ್ರತಿ ಸಲ ಹೇಳುತ್ತಿದ್ದಳು. ಇಲ್ಲಿಂದ ಹೊರಡುವಾಗ ಅವಳದೊಂದು ಪದ್ಧತಿ ಇತ್ತು, ನಾನು ಪೂರ್ತಿ ಮರೆತೇ ಹೋಗಿದ್ದೆ. ಅಮ್ಮ ಮರೆತಿರಲಿಲ್ಲ. ಯಜಮಾನ ಮನೆಯಲ್ಲಿ ಇಲ್ಲದಾಗ ಬಂದರೆ ಹಾಗೇ ಹೋಗಬಾರದು, ಬಂದಿದ್ದೆವು ಅಂತ ಹೇಳಿ ಹೋಗಬೇಕು. ಯಾರಿಗೆ ಹೇಳುವುದು? "ಹೊಸ್ತಿಲಿಗೆ ಹೇಳು. ಹೊಸ್ತಿಲು ಎಲ್ಲೂ ಹೋಗೂದಿಲ್ಲ."

ಹೊರಡುವ ಹೊತ್ತಾಯಿತು ಅಂತ ಕಾವಲಿನವರು ಸೀಟಿ ಊದಿದರು. ಜನ ಗೋಪುರದ ಬಾಗಿಲ ಕಡೆ ಸಾಗಿದರು. ಬಾಗಿಲಲ್ಲಿ ಅಮ್ಮ ನಿಂತಳು. ಮಗಳ ಭುಜದ ಮೇಲಿದ್ದ ಕೈ ತೆಗೆದಳು. ನಿಧಾನವಾಗಿ ಬಗ್ಗಿದಳು, ಹನ್ನೊಂದು ತಿಂಗಳಲ್ಲಿ ಅಷ್ಟು ಬಗ್ಗಿದ್ದನ್ನು ನಾನು ನೋಡಿರಲಿಲ್ಲ, ಹೊಸ್ತಿಲಿನ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ಬರುತ್ತಿದ್ದವರು ನಮ್ಮನ್ನು ಬಳಸಿಕೊಂಡು ಹೋದರು.

"ನಾವು ಬಂದಿದ್ವಿ ಅಂತ ಹೇಳು. ನಡ್ಕೊಂಡೇ ಬಂದ್ವಿ. ಅವ್ವ ಇಲ್ಲ ಈಗ. ಮೊಮ್ಮಕ್ಕಳು ಬಂದಿದ್ರು, ಅಳಿಯನೂ ಬಂದಿದ್ದ. ಮಂಡಿ ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಸ್ವಲ್ಪ ನೋಯುತ್ತೆ, ಅಷ್ಟೇ..."

ಎರಡನೇ ಸೀಟಿ ಕೇಳಿತು. ಅಮ್ಮನದು ಇನ್ನೂ ಮುಗಿದಿರಲಿಲ್ಲ.