ಭಾರ ಯಾವ ಕಾಲಿನ ಮೇಲೆ?

"ಯಾವ ಹೆಬ್ಬಾರ್ರು? ಅಡುಗೆಯವರಾ?"

ಆಟೋದವರು ಇಷ್ಟು ಕೇಳಿ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಕಳೆದ ಭಾನುವಾರದ ಮಾತು. ಶಿರ್ವದಲ್ಲಿ ದೊಡ್ಡಮ್ಮನ ಮಗನ ಮನೆ ಒಕ್ಕಲು. ಊಟ ಮುಗಿಸಿ ಎಲ್ಲರೂ ಚಾಪೆ ಹಾಸಿ ಅಡ್ಡಾಗಿದ್ದರು. ನಾನು ಕಟ್ಟಿಂಗೇರಿಗೆ ಹೋಗಿ ಬರ್ತೀನಿ ಅಂತ ಹೊರಟೆ.

"ಅಲ್ಲಿ ಎಂಥ ಉಂಟು ನೋಡ್ಲಿಕ್ಕೆ?" ಅಂದರು ಭಾವ. ಕೆ.ಕೆ. ಹೆಬ್ಬಾರ್ ಹುಟ್ಟಿದ ಊರು ಅಂದೆ. ಮಲಗಿದ್ದ ಚಿಕ್ಕಪ್ಪ ತಟ್ಟನೆ ಎದ್ದು ಕೂತರು. "ಅವರ ಚಿತ್ರಕ್ಕೆ ಈಗ ಎಂಥ ರೇಟು ಗೊತ್ತುಂಟಾ?" ಚಿಕ್ಕಪ್ಪ ಹೆಬ್ಬಾರರ ಒಂದು ಚಿತ್ರವನ್ನೂ ನೋಡಿದವರಲ್ಲ. ರೇಟು ಮಾತ್ರ ಬಾಯಿಪಾಠ. ಹಾಗೆ ನೋಡಿದರೆ ಚಿಕ್ಕಪ್ಪನಿಗೆ ದೇವಸ್ಥಾನದ ಬಾಗಿಲು ಕಂಡರೂ ಬೆಳ್ಳಿ ಎಷ್ಟು ಕೆ.ಜಿ. ಅನ್ನುವುದೇ ಮೊದಲ ಪ್ರಶ್ನೆ.

ಸರಿ, ಆಟೋ. ಅಡುಗೆಯವರಲ್ಲ, ಚಿತ್ರ ಬಿಡಿಸುವವರು, ತುಂಬಾ ದೊಡ್ಡ ಹೆಸರು ಅಂದೆ. 1911ರಲ್ಲಿ ಇಲ್ಲೇ ಹುಟ್ಟಿದ್ದು, ಬೊಂಬಾಯಿಯ ಜೆ.ಜೆ. ಆರ್ಟ್ ಸ್ಕೂಲಲ್ಲಿ ಕಲಿತು ಅಲ್ಲೇ ಮೇಷ್ಟ್ರಾದದ್ದು, ಆಮೇಲೆ ಪ್ಯಾರಿಸ್‌ಗೆ ಹೋದದ್ದು, ಪದ್ಮಶ್ರೀ, ಪದ್ಮಭೂಷಣ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು "ಹೌದಾ" ಅಂದರು. ನಮ್ಮ ಕಡೆ ಮಳೆ ಬಂತು ಅಂದರೂ ಹೀಗೇ "ಹೌದಾ" ಅನ್ನುತ್ತಾರೆ. ನನಗೆ ಸ್ವಲ್ಪ ಕೋಪ ಬಂತು. ನಿಮ್ಮೂರಿನವರ ಬಗ್ಗೆ ನಾನು ಬೆಂಗಳೂರಿಂದ ಬಂದು ಹೇಳಬೇಕಾ ಅನ್ನುವ ಕೋಪ. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಚಿಕ್ಕಪ್ಪ ರೇಟು ಹೇಳಿದರು, ನಾನು ಪ್ರಶಸ್ತಿ ಹೇಳಿದೆ. ವ್ಯತ್ಯಾಸ ಏನು ಮಹಾ?

ಮೂಡುಬೆಳ್ಳೆ ಹತ್ತಿರ ಅವರು ಚಾ ಕುಡಿಯಲು ನಿಲ್ಲಿಸಿದರು. ಸುಮ್ನೆ ಇರಲಾಗದೆ ಮೊಬೈಲ್ ತೆಗೆದು ಒಂದು ರೇಖಾಚಿತ್ರ ತೋರಿಸಿದೆ. ಕುಣಿಯುವ ಹೆಂಗಸು. ಬಣ್ಣ ಇಲ್ಲ, ನೆರಳು ಇಲ್ಲ, ನಿಂತ ನೆಲ ಕೂಡ ಇಲ್ಲ. ಮುಖಕ್ಕೆ ಕಣ್ಣು ಮೂಗು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹೆಬ್ಬಾರರು ಇಂಥವು ಬೇಕಾದಷ್ಟು ಬಿಡಿಸಿದ್ದಾರೆ. ಇದನ್ನು ನಾನು ಏನಿಲ್ಲ ಅಂದರೂ ಹತ್ತು ವರ್ಷದಿಂದ ನೋಡುತ್ತಿದ್ದೇನೆ. ರೇಖೆಯ ಲಯ, ಖಾಲಿ ಜಾಗದ ಚೆಲುವು ಅಂತ ಒಂದೆರಡು ಕಡೆ ಬರೆದೂ ಇದ್ದೇನೆ.

ಅವರು ಗ್ಲಾಸು ಕೆಳಗಿಟ್ಟರು. ಬೈರಾಸಿನಿಂದ ಕೈ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡರು. ಸ್ವಲ್ಪ ದೂರ ಹಿಡಿದು ನೋಡಿದರು.

"ಭಾರ ಬಲಗಾಲಲ್ಲಿ ಉಂಟು. ಈಗ ಗಿರ್ಕಿ ಹಾಕ್ತಾಳೆ."

ಆಮೇಲೆ ಕೇಳಿದರು, "ಕುಣೀಲಿಕ್ಕೆ ಬರ್ತಿತ್ತಾ ಅಕ್ಕ ಅವರಿಗೆ?"

ನಾನು ಅದನ್ನು ಹೇಳಿರಲಿಲ್ಲ. ಪ್ರಶಸ್ತಿ, ಪ್ಯಾರಿಸ್ಸು ಎಲ್ಲ ಹೇಳಿದ್ದೆ, ಕಥಕ್ ವಿಷಯ ಮಾತ್ರ ಬಿಟ್ಟುಹೋಗಿತ್ತು. ಹೆಬ್ಬಾರರು ದೊಡ್ಡವರಾದ ಮೇಲೆ ಪಂಡಿತ್ ಸುಂದರ್ ಪ್ರಸಾದ್ ಹತ್ತಿರ ಕಥಕ್ ಕಲಿತಿದ್ದರು. ವೇದಿಕೆ ಹತ್ತುವ ಆಸೆಯಿಂದಲ್ಲ. ಲಯ ಅಂದರೆ ಏನು ಅಂತ ಮೈಗೆ ಗೊತ್ತಾಗಲಿ ಅಂತ. ಇದು ಬಲ್ಲವರೆಲ್ಲ ಹೇಳುವ ಕತೆ. ನಾನೂ ಹೇಳಿದ್ದೇನೆ, ಒಂದು ಸ್ವಾರಸ್ಯದ ಸಂಗತಿ ಅಂತ. ಚಿತ್ರ ನೋಡಿ ಅದನ್ನು ಕಂಡುಹಿಡಿದವರು ಮಾತ್ರ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

"ಬರ್ತಿತ್ತು" ಅಂದೆ. "ನಿಮಗೆ ಹೇಗೆ ಗೊತ್ತಾಯ್ತು?"

"ಇಲ್ಲದಿದ್ರೆ ಹೀಗೆ ಬರುದಿಲ್ಲ." ಅಷ್ಟೇ. ಸಣ್ಣದಿರುವಾಗ ಅವರು ಊರಿನ ಸಂಘದ ಯಕ್ಷಗಾನದ ಆಟದಲ್ಲಿ ವೇಷ ಮಾಡುತ್ತಿದ್ದರಂತೆ. ಬಾಲಗೋಪಾಲ ಮಾಡಿ ಮಾಡಿ ಮುಂದೆ ಸಣ್ಣಪುಟ್ಟ ವೇಷಗಳು. ಮದುವೆ ಆದ ಮೇಲೆ ಬಿಟ್ಟರು. ಚಾದ ದುಡ್ಡು ನನಗೆ ಕೊಡಲು ಬಿಡಲಿಲ್ಲ.

ಕಟ್ಟಿಂಗೇರಿಯಲ್ಲಿ ನಾನು ಹೆಚ್ಚು ಹೊತ್ತು ಇರಲಿಲ್ಲ. ತೋಟ, ಗದ್ದೆ, ಕೆಂಪು ಮಣ್ಣು, ಬಿಸಿಲು. ಕೇಳಿಕೊಂಡು ಹೋಗುವ ಧೈರ್ಯವೂ ಬರಲಿಲ್ಲ, ಮಧ್ಯಾಹ್ನ ಯಾರ ಮನೆ ಬಾಗಿಲು ತಟ್ಟುವುದು? ಆದರೆ ವಾಪಸ್ ಬರುವಾಗ ತಲೆ ತುಂಬ ಅದೇ ಪ್ರಶ್ನೆ. ಕುಣೀಲಿಕ್ಕೆ ಬರ್ತಿತ್ತಾ ಅವರಿಗೆ?

ಹೆಬ್ಬಾರರ ಬಗ್ಗೆ ಒಂದು ತಕರಾರು ಮೊದಲಿನಿಂದ ಇದೆ. ಬೊಂಬಾಯಿಯಲ್ಲಿ 1947ರಲ್ಲಿ ಸೂಜಾ, ರಝಾ, ಹುಸೇನ್ ಮುಂತಾದ ಚಿತ್ರಕಾರರು ಸೇರಿ ಪ್ರೋಗ್ರೆಸಿವ್ ಕಲಾವಿದರ ಗುಂಪು ಕಟ್ಟಿದರು. ಹೆಬ್ಬಾರ್ ಅದೇ ಊರಿನಲ್ಲಿದ್ದೂ ಆ ಗುಂಪಿನಲ್ಲಿರಲಿಲ್ಲ. ಆಧುನಿಕ ಕಲೆ ಅಂದಕೂಡಲೇ ಆ ಗುಂಪಿನ ಹೆಸರುಗಳೇ ಬಾಯಿಗೆ ಬರುತ್ತವೆ. ಇವರದು ತೀರಾ ಸೌಮ್ಯ, ನೋಡಲು ಚೆಂದ ಅಷ್ಟೇ, ಅನ್ನುವವರಿದ್ದಾರೆ. ನಾನೂ ಒಮ್ಮೆ ತಲೆಯಾಡಿಸಿದ್ದೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು, ಅದಕ್ಕೆ. ಕೋಳಿ ಅಂಕದ ಚಿತ್ರ ಬಿಡಿಸಿದ ಮನುಷ್ಯ, 1952ರಲ್ಲಿ ಹಸಿವಿನ ಮೇಲೆ ಚಿತ್ರ ಮಾಡಿದ ಮನುಷ್ಯ ಬರೀ ಸೌಮ್ಯ ಹೇಗಾಗುತ್ತಾರೆ ಅಂತ ಆವತ್ತು ಕೇಳಬೇಕಿತ್ತು. ಕೇಳಲಿಲ್ಲ.

ನನಗೆ ಚುಚ್ಚುತ್ತಿರುವುದು ಅದೂ ಅಲ್ಲ. ಚಿತ್ರದಲ್ಲಿರುವವಳು ಮುಂದೆ ಏನು ಮಾಡುತ್ತಾಳೆ ಅಂತ ಹತ್ತು ವರ್ಷದಲ್ಲಿ ಒಂದು ಸಲವೂ ನನಗೆ ಅನ್ನಿಸಲಿಲ್ಲವಲ್ಲ. ನಾನು ರೇಖೆ ನೋಡುತ್ತಿದ್ದೆ. ಅವರು ಕಾಲು ನೋಡಿದರು. ಗೆರೆ ಎಳೆದವರೂ ಮೊದಲು ಕಾಲನ್ನೇ ನೋಡಿರಬೇಕು, ಅಲ್ವಾ? ನೋಡಿದ್ದು ಸಾಲದು ಅನ್ನಿಸಿದ್ದಕ್ಕೇ ತಾನೇ, ಜೆ.ಜೆ.ಯಲ್ಲಿ ಕಲಿತು ಮೇಷ್ಟ್ರೂ ಆಗಿದ್ದವರು ಗೆಜ್ಜೆ ಕಟ್ಟಿಕೊಂಡು ಇನ್ನೊಬ್ಬ ಗುರುವಿನ ಮುಂದೆ ನಿಂತದ್ದು. ಆ ವಯಸ್ಸಿನಲ್ಲಿ ತಾಳ ತಪ್ಪಿ ಬೈಸಿಕೊಳ್ಳುವುದು ಸುಲಭವೇನಲ್ಲ. ನನ್ನ ಕೈಯಲ್ಲಂತೂ ಆಗದು.

ಶಿರ್ವದಲ್ಲಿ ಇಳಿದಾಗ ಚಿಲ್ಲರೆ ಕೊಡುತ್ತಾ ಅವರೇ ಕೇಳಿದರು, "ಆ ಚಿತ್ರ ನನ್ನ ಮೊಬೈಲಿಗೆ ಹಾಕ್ತೀರಾ? ಮಗಳಿಗೆ ತೋರಿಸ್ಲಿಕ್ಕೆ. ಅವಳು ಈಗ ಹೆಜ್ಜೆ ಕಲೀತಿದ್ದಾಳೆ." ಹಾಕಿದೆ.

ಮೊನ್ನೆ ರಾತ್ರಿ ಮನೆಯಲ್ಲಿ ಯಾರೂ ಎದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೊಬೈಲನ್ನು ಅಡುಗೆಮನೆ ಕಟ್ಟೆಗೆ ಒರಗಿಸಿಟ್ಟೆ. ಅದರ ಎದುರು ಚಿತ್ರದಲ್ಲಿದ್ದ ಹಾಗೇ ನಿಂತೆ. ಸೊಂಟ ಅಷ್ಟೇ ವಾರೆ, ಕೈ ಅಷ್ಟೇ ಮೇಲೆ. ಮೂರು ಎಣಿಸುವಷ್ಟರಲ್ಲಿ ಎಡಗಾಲು ತಾನಾಗಿ ನೆಲ ಬಿಟ್ಟಿತು. ಗೋಡೆ ಹಿಡಿದುಕೊಂಡೆ. ಭಾರ ಬಲಗಾಲಿನ ಮೇಲೇ ಇತ್ತು.