ಕಬ್ಬಿನ ರಸ್ತೆಯಲ್ಲಿ ಮುಧೋಳ ನಾಯಿಯೊಂದಿಗೆ

ಮುಧೋಳ ನಾಯಿಗೆ ಮೊದಲು ಓಡುವುದು ಕಣ್ಣು, ಅದರ ಬೆನ್ನಿಗೇ ಕಾಲು. ಕರೆದ ದನಿ ಕಿವಿಗೆ ಬೀಳುವುದು ಆಮೇಲೆ. ಮೂಸಿ ಬೇಟೆ ಹುಡುಕುವ ತಳಿಯಲ್ಲ ಇದು, ದೂರದಲ್ಲಿ ಅಲುಗಿದ್ದನ್ನು ಕಂಡು ಅಟ್ಟಿಸಿಕೊಂಡು ಹೋಗುವ ತಳಿ. ಹೊಲದಲ್ಲಿ ಬಿಟ್ಟೇ ಸಾಕಿದ ನಾಯಿಗಳಿಗೆ ಹಗ್ಗದ ಪಾಠ ಯಾರೂ ಹೇಳಿಕೊಡುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಈಗ ಇದೇ ತಳಿ ಬೆಂಗಳೂರು, ಪುಣೆಯ ಅಪಾರ್ಟ್‌ಮೆಂಟುಗಳಿಗೂ ಹೋಗುತ್ತದೆ. ಊರಲ್ಲಿ ಉಳಿದ ನಾಯಿಗಳ ಮುಂದೆಯೂ ಹಗಲೂ ರಾತ್ರಿ ಕಬ್ಬಿನ ಟ್ರ್ಯಾಕ್ಟರು ಓಡಾಡುತ್ತವೆ. ಹಗ್ಗದಲ್ಲಿ ಸಮಾಧಾನದಿಂದ ನಡೆಯಲು ಬಾರದ ನಾಯಿಗೆ ರಸ್ತೆಯಲ್ಲಿ ಜೀವಾಪಾಯ.

ಜನವರಿ ಕೊನೆಯ ಒಂದು ಮುಂಜಾನೆ, ಹತ್ತು ತಿಂಗಳ ರಾಣಿಯನ್ನು ಮುಧೋಳದ ಹೊರಗಿನ ದೊಡ್ಡ ರಸ್ತೆಗೆ ಮೊದಲ ಬಾರಿ ಕರೆದೊಯ್ಯುವುದಿತ್ತು. ಅಲ್ಲಿಯವರೆಗಿನ ಪಾಠವೆಲ್ಲ ಹಿತ್ತಲು ಮತ್ತು ಓಣಿಯಲ್ಲಿ ಆಗಿತ್ತು. ಈ ಕ್ರಮ ತಪ್ಪಿಸಬಾರದು. ಹಿತ್ತಲಲ್ಲಿ ಹಗ್ಗ ಜಗ್ಗದೆ ನಡೆಯದ ನಾಯಿ ರಸ್ತೆಯಲ್ಲಿ ನಡೆಯುವುದು ಆಗದ ಮಾತು.

ಹೊರಡುವ ಮುಂಚೆ ಕೊರಳಪಟ್ಟಿಯನ್ನು ನೋಡಬೇಕು. ಈ ತಳಿಯ ತಲೆ ಕೊರಳಿಗಿಂತ ಅಷ್ಟೇನೂ ಅಗಲವಿಲ್ಲ. ಹೆದರಿ ಹಿಂದಕ್ಕೆ ಸರಿದರೆ ಸಾದಾ ಬೆಲ್ಟು ಕಿವಿ ದಾಟಿ ಕಳಚಿ ಬರುತ್ತದೆ, ನಾಯಿ ಬರೀ ಕೊರಳಲ್ಲಿ ರಸ್ತೆಗೆ ಬೀಳುತ್ತದೆ. ಇದಕ್ಕೆ ಮಾರ್ಟಿಂಗೇಲ್ ಎಂಬ ಪಟ್ಟಿಯೇ ಸರಿ. ಅದರಲ್ಲಿ ದೊಡ್ಡ ಕುಣಿಕೆಗೆ ಜೋಡಿಸಿದ ಇನ್ನೊಂದು ಚಿಕ್ಕ ಕುಣಿಕೆ ಇರುತ್ತದೆ. ಜಗ್ಗಿದಾಗ ಪಟ್ಟಿ ಒಂದು ಅಳತೆಯವರೆಗೆ ಬಿಗಿದು ಅಲ್ಲಿಗೇ ನಿಲ್ಲುತ್ತದೆ, ಉಸಿರು ಕಟ್ಟಿಸುವುದಿಲ್ಲ. ಪೂರ್ತಿ ಬಿಗಿದಾಗಲೂ ದೊಡ್ಡ ಕುಣಿಕೆಯ ಎರಡು ತುದಿಯಲ್ಲಿರುವ ಲೋಹದ ಉಂಗುರಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಉಂಗುರಗಳು ಒಂದಕ್ಕೊಂದು ತಾಗಿದರೆ ಪಟ್ಟಿ ದೊಡ್ಡದಾಯಿತು, ತಲೆ ಜಾರುತ್ತದೆ. ಅಗಲ ನಾಲ್ಕೈದು ಸೆಂಟಿಮೀಟರ್ ಇದ್ದರೆ ಒತ್ತಡ ಹಂಚಿಹೋಗುತ್ತದೆ. ಈ ನಾಯಿಗಳ ಚರ್ಮ ತೆಳು, ಕೂದಲು ಗಿಡ್ಡ. ತೆಳು ದಾರ, ಸರಪಳಿ ಎರಡೂ ಗಾಯ ಮಾಡುತ್ತವೆ. ಮನೆಗೆ ಬಂದ ಕೂಡಲೇ ಮಾರ್ಟಿಂಗೇಲ್ ತೆಗೆದುಬಿಡಬೇಕು, ಒಬ್ಬೊಂಟಿ ನಾಯಿಯ ಕುಣಿಕೆ ಗೇಟಿಗೋ ಗೂಟಕ್ಕೋ ಸಿಕ್ಕಿಕೊಂಡರೆ ಬಿಡಿಸುವವರು ಇರುವುದಿಲ್ಲ.

ಹಗ್ಗ ಆರು ಅಡಿಯದು, ನೂಲಿನ ಪಟ್ಟೆಯದು. ಒತ್ತಿದರೆ ಉದ್ದವಾಗುವ ಸ್ಪ್ರಿಂಗಿನ ಹಗ್ಗ ಈ ತಳಿಗೆ ಬೇಡವೇ ಬೇಡ. ಐದು ಮೀಟರ್ ಸಿಕ್ಕರೆ ಸಾಕು, ಮುಧೋಳ ನಾಯಿ ಭಾರಿ ವೇಗಕ್ಕೆ ಏರಿರುತ್ತದೆ. ಹಗ್ಗ ಮುಗಿದಲ್ಲಿ ಆ ಪೆಟ್ಟೆಲ್ಲ ಕೊರಳಿಗೆ. ಹಿಡಿಯುವವರು ಹಿಡಿಕೆಯ ಕುಣಿಕೆಯನ್ನು ಬಲಗೈ ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಬೇಕು, ಮುಂಗೈಗೆ ಸುತ್ತಿಕೊಳ್ಳಬಾರದು. ಇಪ್ಪತ್ತೈದು ಕಿಲೋದ ನಾಯಿ ಒಮ್ಮೆಲೇ ಹಾರಿದರೆ ಮಣಿಕಟ್ಟು ತಿರುಚುತ್ತದೆ.

ರಾಣಿ ಎಡಗಡೆ ನಡೆಯುತ್ತಾಳೆ. ಎಡ ಜೇಬಿನಲ್ಲಿ ಬೇಯಿಸಿದ ಕೋಳಿಯ ಚೂರು, ಕಡಲೆಕಾಳಿನಷ್ಟು. ಬೇಯಿಸುವಾಗ ಉಪ್ಪು, ಮಸಾಲೆ, ಉಳ್ಳಾಗಡ್ಡಿ ಏನೂ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಕೋಳಿ ಬೇಡವೆನ್ನುವ ಮನೆಯಲ್ಲಿ ಒಣಗಿದ ಜೋಳದ ರೊಟ್ಟಿಯ ತುಣುಕೂ ಹಿತ್ತಲ ಪಾಠಕ್ಕೆ ಸಾಕಾಗುತ್ತದೆ. ರಸ್ತೆಗೆ ಮಾತ್ರ ಅದಕ್ಕಿಂತ ರುಚಿಯಾದದ್ದು ಬೇಕು. ಕುರಿ ಕಂಡ ನಾಯಿ ರೊಟ್ಟಿಯ ಕಡೆ ತಿರುಗಿ ನೋಡುವುದಿಲ್ಲ. ಕೊಟ್ಟಷ್ಟನ್ನು ಅಂದಿನ ಊಟದಲ್ಲಿ ಕಳೆಯಬೇಕು.

ಪಾಠದ ತಿರುಳು ಇಷ್ಟೇ: ಹಗ್ಗ ಜೋತುಬಿದ್ದಿದ್ದರೆ ಮುಂದೆ ಹೋಗುವುದು, ಬಿಗಿದರೆ ನಿಲ್ಲುವುದು. ನಾಯಿ ಜಗ್ಗುವುದು ಹಟಕ್ಕಲ್ಲ. ಜಗ್ಗಿದಾಗಲೆಲ್ಲ ನಾವು ಹಿಂದೆ ಹಿಂದೆ ಹೋಗಿ, ಜಗ್ಗಿದರೆ ದಾರಿ ಸಿಗುತ್ತದೆ ಎಂದು ಅದಕ್ಕೆ ಕಲಿಸಿರುತ್ತೇವೆ. ಹಿಂದಕ್ಕೆ ಎಳೆದರೂ ಉಪಯೋಗವಿಲ್ಲ, ಎಳೆದಷ್ಟೂ ನಾಯಿ ಎದುರು ದಿಕ್ಕಿಗೆ ಮೈ ಒತ್ತುತ್ತದೆ. ಹಾಗಾಗಿ ಕಾಲು ನಿಲ್ಲಿಸಬೇಕು, ಕೈ ಸುಮ್ಮನಿರಬೇಕು. ನಾಯಿ ತಿರುಗಿ ನೋಡಿತೋ, ಒಂದು ಹೆಜ್ಜೆ ಹಿಂದೆ ಬಂದು ಹಗ್ಗ ಸಡಿಲಾಯಿತೋ, "ಹೂಂ" ಎಂದು ಮತ್ತೆ ನಡೆಯುವುದು.

ಬಹಳ ಜನರ ಪಾಠ ಕೆಡುವುದು ಇಲ್ಲೇ. ನಾಯಿ ಜಗ್ಗುತ್ತದೆ, ಇವರು ನಿಲ್ಲುತ್ತಾರೆ, ನಾಯಿ ಹಿಂದೆ ಬರುತ್ತದೆ, ಇವರು ತಿನಿಸು ಕೊಡುತ್ತಾರೆ. ಸ್ವಲ್ಪ ದಿನದಲ್ಲಿ ನಾಯಿ ಇದನ್ನು ಆಟ ಮಾಡಿಕೊಳ್ಳುತ್ತದೆ. ಬೇಕೆಂದೇ ಜಗ್ಗಿ, ತಿರುಗಿ ಬಂದು ಬಾಯಿ ತೆರೆಯುತ್ತದೆ. ಆದ್ದರಿಂದ ಹಿಂದೆ ಬಂದದ್ದಕ್ಕೆ ತಿನಿಸಿಲ್ಲ. ಬಂದು, ಪಕ್ಕದಲ್ಲೇ ಮೂರು ನಾಲ್ಕು ಹೆಜ್ಜೆ ನಡೆದ ಮೇಲೆ ಕೊಡಬೇಕು, ಅದೂ ನಮ್ಮ ಎಡ ತೊಡೆಯ ಬದಿಯಲ್ಲಿ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆಯೇ ಉಳಿಯುತ್ತದೆ. ಹಿತ್ತಲಲ್ಲಿ ಮೊದಲು ಹೆಜ್ಜೆಗೊಂದು ಚೂರು, ಆಮೇಲೆ ಎರಡು, ಐದು, ಹತ್ತು ಹೆಜ್ಜೆಗೆ ಒಂದು. ನಡುನಡುವೆ ಮತ್ತೆ ಎರಡಕ್ಕೇ ಇಳಿಯಬೇಕು, ಯಾವಾಗ ಸಿಗುತ್ತದೆ ಎಂದು ನಾಯಿ ಎಣಿಸದಂತೆ. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು.

ಇನ್ನೊಂದು, ಮನೆಯವರೆಲ್ಲರದೂ ಒಂದೇ ನಿಯಮ ಇರಬೇಕು. ಅವ್ವ ನಿಲ್ಲುತ್ತಾಳೆ, ಅಣ್ಣ ಎಳೆಸಿಕೊಂಡು ಓಡುತ್ತಾನೆ ಎಂದರೆ ಹತ್ತು ಸಲ ಜಗ್ಗಿದರೆ ಒಂದು ಸಲವಾದರೂ ಫಲ ಸಿಕ್ಕೀತು ಎಂದು ನಾಯಿ ಇನ್ನಷ್ಟು ಜಗ್ಗುತ್ತದೆ.

ಆ ದಿನ ಓಣಿ ದಾಟುವ ಮುಂಚೆಯೇ ರಾಣಿಗೆ ಉಚ್ಚೆ, ಮೂಸುವುದು ಎಲ್ಲಕ್ಕೂ ಸಮಯ ಕೊಡಲಾಯಿತು. ಬೇವಿನ ಮರದ ಬುಡವನ್ನು ಮನಸಾರೆ ಮೂಸಲು ಬಿಡುವುದೂ ಒಂದು ಬಹುಮಾನವೇ, ತಿನಿಸಿಗಿಂತ ಕಡಿಮೆಯದಲ್ಲ. ಹಗ್ಗ ಸಡಿಲವಾಗಿ ಮರದವರೆಗೆ ನಡೆದರೆ ಮೂಸಬಹುದು, ಜಗ್ಗಿಕೊಂಡು ಹೋಗುವಂತಿಲ್ಲ.

ರಸ್ತೆಯ ಅಂಚಿಗೆ ಬರುವಷ್ಟರಲ್ಲಿ ಎರಡು ಡಬ್ಬಿ (ಟ್ರೇಲರ್) ಕಬ್ಬು ಹೇರಿದ ಟ್ರ್ಯಾಕ್ಟರು, ಹಾಡು ಹಚ್ಚಿಕೊಂಡು ಬಂತು. ಸದ್ದಿಗೆ ಹೆದರುವ ನಾಯಿ ಹಗ್ಗ ಜಗ್ಗುವುದು ಬೇರೆ, ಆಸೆಗೆ ಜಗ್ಗುವುದು ಬೇರೆ. ಹೆದರಿದ್ದಾದರೆ ಬಾಲ ಹೊಟ್ಟೆಯ ಕೆಳಗೆ, ಮೈ ನೆಲಕ್ಕೆ ಹತ್ತಿರ. ಆಗ ನಿಲ್ಲುವ ನಿಯಮ ಹೂಡಿ ಅಲ್ಲೇ ಹಿಡಿದಿಟ್ಟರೆ ಭಯ ಬೇರೂರುತ್ತದೆ. ರಾಣಿಯ ಬಾಲ ಇಳಿಯುತ್ತಿದ್ದಂತೆ ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಇಪ್ಪತ್ತು ಮೀಟರ್ ಹಿಂದೆ ಸರಿದೆವು. ಅಲ್ಲಿಂದ ಪ್ರತಿ ಟ್ರ್ಯಾಕ್ಟರು ಕಂಡಾಗ ಒಂದು ಚೂರು, ಹೋದ ಮೇಲೆ ಏನೂ ಇಲ್ಲ. ಕೊನೆಗೆ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಅವಳೇ ಜೇಬಿನ ಕಡೆ ನೋಡತೊಡಗಿದಳು. ಆಗ ನಾಲ್ಕೈದು ಮೀಟರ್‌ನಷ್ಟು ಹತ್ತಿರ ಸರಿದೆವು.

ನಿಜವಾದ ಪರೀಕ್ಷೆ ಕುರಿ ಹಿಂಡಿನದು. ಬಿಳಿಜೋಳದ ಹೊಲದಾಚೆ ಹಿಂಡು ಕಂಡೊಡನೆ ರಾಣಿಯ ಕತ್ತು ಎದ್ದಿತು, ಕಿವಿ ನಿಮಿರಿತು, ಬಾಯಿ ಮುಚ್ಚಿತು. ಬಾಯಿ ಮುಚ್ಚುವುದೇ ಮೊದಲ ಸೂಚನೆ, ಅದಾದ ಒಂದೆರಡು ಕ್ಷಣಕ್ಕೆ ಹಾರಿಕೆ. ಆ ಎರಡು ಕ್ಷಣದೊಳಗೆ "ರಾಣಿ, ಬಾ" ಎಂದು ಅರ್ಧ ಸುತ್ತು ತಿರುಗಿ ಬಂದ ದಾರಿ ಹಿಡಿಯಬೇಕು. ತಿರುಗಿದ್ದಕ್ಕೆ ಮೂರ್ನಾಲ್ಕು ಚೂರು ನೆಲಕ್ಕೆ ಚೆಲ್ಲಬೇಕು, ಮೂಗು ಕೆಳಗಿಳಿದರೆ ಕಣ್ಣು ಹಿಂಡನ್ನು ಬಿಡುತ್ತದೆ. ಚೂರು ಮೂಗಿನ ಮುಂದೆ ಹಿಡಿದರೂ ತಿನ್ನದಿದ್ದರೆ ಹತ್ತಿರ ಬಂದದ್ದು ಹೆಚ್ಚಾಯಿತೆಂದೇ ಅರ್ಥ. ಬೈದು ಪ್ರಯೋಜನವಿಲ್ಲ, ದೂರ ಹೆಚ್ಚಿಸಬೇಕು.

"ತಮ್ಮಾ, ನಾಯಿ ಗಟ್ಟಿ ಹಿಡಕೋಪಾ, ಸಣ್ಣ ಮರಿ ಅದಾವು," ಎಂದು ಕುರಿ ಕಾಯುವ ಹಿರಿಯರು ಕೂಗಿದರು.

"ಹಿಡದೀನ್ರಿ ಕಾಕಾ. ನೀವು ದಾಟಸ್ರಿ, ನಾವು ಇಲ್ಲೇ ನಿಂದರತೀವಿ."

ಹಿಂಡು ದಾಟುವವರೆಗೆ ನಾಯಿಗೂ ಹಿಂಡಿಗೂ ನಡುವೆ ನಾವು ನಿಂತೆವು. ಹಿಂಡಿನೊಂದಿಗೆ ಕಾವಲು ನಾಯಿಗಳೂ ಇರುತ್ತವೆ, ಹಗ್ಗದಲ್ಲಿ ಕಟ್ಟಿದ ನಾಯಿಗೆ ಅವು ಬಂದರೆ ಓಡಲು ದಾರಿಯಿಲ್ಲ. ಅವಕ್ಕೆ ಒಂದು ಹಿಡಿ ತಿನಿಸು ದೂರಕ್ಕೆ ಎಸೆದು, ಓಡದೆ, ಅರ್ಧಚಂದ್ರದ ಹಾಗೆ ಸುತ್ತುಬಳಸಿ ಹೊರಟುಬಿಡುವುದು ಕ್ಷೇಮ. ರೇಬೀಸ್ ಲಸಿಕೆ ಹಾಕಿಸದೆ ರಸ್ತೆಗೆ ತರಲೇಬಾರದು.

2016ರಲ್ಲಿ ಮುಧೋಳ ನಾಯಿಗಳನ್ನು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೆ ಒಯ್ದಾಗ ಇಲ್ಲಿನವರಿಗೆ ಹೆಮ್ಮೆಯಾಗಿತ್ತು. ಆದರೂ "ಬ್ಯಾಟಿ ನಾಯಿ ಹಗ್ಗಕ್ಕ ಒಗ್ಗೂದಿಲ್ಲ" ಎನ್ನುವ ಮಾತು ಊರಲ್ಲಿ ಇನ್ನೂ ಇದೆ. ಒಗ್ಗುತ್ತದೆ. ಈ ನಾಯಿ ಸೂಕ್ಷ್ಮ ಸ್ವಭಾವದ್ದು, ಒಮ್ಮೆ ಹೊಡೆದರೆ ಹಗ್ಗ ಕಂಡೊಡನೆ ಮೂಲೆ ಸೇರುತ್ತದೆ, ಅದನ್ನು ಮರೆಸಲು ತಿಂಗಳುಗಳೇ ಬೇಕು.

ಏಪ್ರಿಲ್ ಬಂದರೆ ಹೊತ್ತು ಬದಲಿಸಬೇಕು. ನಲವತ್ತು ಡಿಗ್ರಿಯ ಬಿಸಿಲಲ್ಲಿ ಡಾಂಬರು ಅಂಗಾಲು ಸುಡುತ್ತದೆ. ಹಿಂಗೈಯನ್ನು ಏಳು ಸೆಕೆಂಡು ನೆಲಕ್ಕೆ ಇಟ್ಟು ನೋಡಿ, ತಾಳಲಾಗದಿದ್ದರೆ ನಡೆಸಬೇಡಿ. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿಯಲ್ಲಿ ಗಟ್ಟಿಯಾಗುತ್ತದೆ, ತೊಳೆಯದಿದ್ದರೆ ಹುಣ್ಣು. ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ವರ್ಷವಿಡೀ ಇರುತ್ತವೆ. ಚೆನ್ನಾಗಿ ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಹಿಂದುಳಿದರೆ ಮೊದಲು ಪಾದ ಎತ್ತಿ ನೋಡಬೇಕು.

ಹಗ್ಗದ ನಡಿಗೆ ಇದಕ್ಕೆ ಓಟದ ಬದಲಿಯಲ್ಲ. ಸುತ್ತ ಬೇಲಿ ಇರುವ ಜಾಗದಲ್ಲಿ ದಿನಕ್ಕೊಮ್ಮೆ ಮನಸಾರೆ ಓಡಲು ಬಿಡಬೇಕು. ಬೇಲಿ ಇಲ್ಲದಿದ್ದರೆ ಹತ್ತು ಮೀಟರ್ ಹಗ್ಗದಲ್ಲಿ ನಿಧಾನಕ್ಕೆ ಅಡ್ಡಾಡಿ ಮೂಸಲು ಬಿಡಬಹುದು. ಆ ಉದ್ದದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬಾರದು, ಎದೆಗೆ ಹಾಕುವ ಹಾರ್ನೆಸ್‌ಗೇ ಕಟ್ಟಬೇಕು. ಆಳವಾದ ಎದೆ, ಸಣ್ಣ ನಡುವಿನ ಈ ತಳಿಗೆ ನಡುವಿನ ಹತ್ತಿರ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ತಂದುಕೊಳ್ಳಿ, ಇಲ್ಲದಿದ್ದರೆ ಹಿಂದಕ್ಕೆ ಸರಿದು ಅದರಿಂದಲೂ ನುಸುಳಿಕೊಳ್ಳುತ್ತದೆ.